ಓದುವ ಕೋಣೆಗೆ ಪಡುವಣ ಬಿಸಿಲು

ಹೊಸ ಮನೆಯ ನಕ್ಷೆ ಮೇಜಿನ ಮೇಲೆ ಹರಡಿದಾಗ ಮನೆಮಂದಿಯೆಲ್ಲ ಮೊದಲು ಹುಡುಕುವುದು ತಮ್ಮ ತಮ್ಮ ಜಾಗವನ್ನು. ತಾಯಿ ಅಡುಗೆ ಕಟ್ಟೆ ಎಷ್ಟುದ್ದ ಇದೆ ಎಂದು ನೋಡುತ್ತಾರೆ. ತಂದೆ ಗಾಡಿ ನಿಲ್ಲಿಸುವ ಜಾಗ ಅಳೆಯುತ್ತಾರೆ. ಅಜ್ಜಿಗೆ ದೇವರ ಕೋಣೆಯ ಚಿಂತೆ. ಮಕ್ಕಳಿಗೋ ತಮ್ಮ ರೂಮು ಮಹಡಿಯ ಮೇಲಿದ್ದರೆ ಸಾಕು. ಸೂರ್ಯ ಯಾವ ಗೋಡೆಯನ್ನು ಎಷ್ಟು ಹೊತ್ತು ಕಾಯಿಸುತ್ತಾನೆ ಎಂದು ಕೇಳುವವರು ಮಾತ್ರ ಆ ಮೇಜಿನ ಸುತ್ತ ಯಾರೂ ಇರುವುದಿಲ್ಲ.

ಕಲಬುರಗಿಯಂಥ ಊರಿನಲ್ಲಿ ಆ ಪ್ರಶ್ನೆಯ ಬೆಲೆ ತಿಳಿಯುವುದು ಗೃಹಪ್ರವೇಶವಾದ ಮೇಲಿನ ಮೊದಲ ಏಪ್ರಿಲ್‌ನಲ್ಲಿ. ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಿಶೇಷವೇನಲ್ಲ. ಆ ಭಾಗದ ಸರ್ಕಾರಿ ಕಚೇರಿಗಳು ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿಯೇ ಇದೆ. ಕಚೇರಿಗೇನೋ ಬಿಡುವು ಸಿಕ್ಕಿತು, ಪರೀಕ್ಷೆಗೆ ಸಿಗುವುದಿಲ್ಲ. ಪಿಯುಸಿ ಮುಗಿಯುವಷ್ಟರಲ್ಲಿ ಸಿಇಟಿ, ಅದರ ಬೆನ್ನಿಗೇ ನೀಟ್. ವರ್ಷದಲ್ಲಿ ಮಕ್ಕಳು ಅತಿ ಹೆಚ್ಚು ಓದಬೇಕಾದ ದಿನಗಳೂ ಮನೆ ಅತಿ ಹೆಚ್ಚು ಕಾಯುವ ದಿನಗಳೂ ಒಂದೇ.

ಒಂದು ಮನೆಯನ್ನು ಊಹಿಸಿಕೊಳ್ಳಿ. 30x40 ಅಡಿಯ ನಿವೇಶನ, ಪೂರ್ವಕ್ಕೆ ರಸ್ತೆ, ಎರಡು ಅಂತಸ್ತು. ಕೆಳಗೆ ಆಗ್ನೇಯಕ್ಕೆ ಅಡುಗೆಮನೆ, ನಡುವೆ ಹಾಲ್, ಪಕ್ಕದಲ್ಲಿ ಅಜ್ಜಿಯ ಕೋಣೆ, ಈಶಾನ್ಯಕ್ಕೆ ಬಂದುಹೋಗುವವರಿಗೆಂದು ಒಂದು ಅಚ್ಚುಕಟ್ಟಾದ ಕೋಣೆ. ಮೇಲೆ ನೈಋತ್ಯಕ್ಕೆ ತಂದೆ ತಾಯಿಯ ಮಲಗುವ ಕೋಣೆ, ವಾಯವ್ಯಕ್ಕೆ ಮಕ್ಕಳ ಓದುವ ಕೋಣೆ. ನಮ್ಮ ಊರುಗಳಲ್ಲಿ ಇಂಥ ನಕ್ಷೆಗಳು ನೂರಾರು. ನೋಡಲು ತಪ್ಪೇನೂ ಕಾಣುವುದಿಲ್ಲ. ಆದರೆ ವರ್ಷದಲ್ಲಿ ಹನ್ನೊಂದು ತಿಂಗಳು ಖಾಲಿ ಇರುವ ಅತಿಥಿ ಕೋಣೆಗೆ ಮನೆಯ ಅತಿ ತಂಪಾದ ಮೂಲೆ ಸಿಕ್ಕಿದೆ. ಮಕ್ಕಳಿಗೆ ಸಿಕ್ಕಿರುವುದು ಕಾದ ಬಾಣಲೆ.

ಆಮೇಲೆ ಅಂಗಡಿಗೆ ಹೋಗಿ “ಎಷ್ಟು ಟನ್ನಿನ ಏ.ಸಿ. ಹಾಕಿಸಬೇಕು?” ಎಂದು ಕೇಳುತ್ತಾರೆ. ಅಂಗಡಿಯವರು ಕೋಣೆಯ ಅಳತೆ ಕೇಳಿ ಒಂದೋ ಒಂದೂವರೆಯೋ ಹೇಳುತ್ತಾರೆ. ಆ ಹೊತ್ತಿಗೆ ಉತ್ತರದ ಮುಕ್ಕಾಲು ಪಾಲು ಇಟ್ಟಿಗೆ ಸಿಮೆಂಟಿನಲ್ಲಿ ಬರೆದಾಗಿರುತ್ತದೆ. ಕೇಳಬೇಕಾಗಿದ್ದ ಪ್ರಶ್ನೆ ಬೇರೆಯದು: ಯಾವ ಕೋಣೆಗೆ, ಯಾವ ಹೊತ್ತಿಗೆ, ಯಾರಿಗಾಗಿ ತಂಪು ಬೇಕು?

ಮೇಷ್ಟರ ತಲೆನೋವು

ಮನೆಯನ್ನು ವಲಯಗಳಾಗಿ ವಿಂಗಡಿಸಿ ಒಂದೊಂದಕ್ಕೂ ಬೇಕಾದಷ್ಟೇ ಬಿಸಿ ಅಥವಾ ತಂಪು ಒದಗಿಸುವುದಕ್ಕೆ ಎಂಜಿನಿಯರುಗಳು ‘ಜೋನಿಂಗ್’ ಎನ್ನುತ್ತಾರೆ. ಇದರ ಬೇರು ಹುಡುಕಿಕೊಂಡು ಹೋದರೆ ಸಿಗುವುದು ಒಬ್ಬ ಮೇಷ್ಟರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬಲ್ಲಿ ಶಿಕ್ಷಕರ ತರಬೇತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವಾರೆನ್ ಜಾನ್ಸನ್. ಅಲ್ಲಿಯದು ಚಳಿಯ ಊರು. ಕಟ್ಟಡದ ನೆಲಮಾಳಿಗೆಯಲ್ಲಿ ಒಲೆ ಉರಿಯುತ್ತಿತ್ತು. ಯಾವ ತರಗತಿಗೆ ಎಷ್ಟು ಬಿಸಿಗಾಳಿ ಹೋಗಬೇಕು ಎಂಬುದನ್ನು ತಿಳಿಯಲು ಶಾಲೆಯ ಜವಾನ ಪಾಠದ ನಡುವೆ ಒಳಗೆ ಬಂದು ಥರ್ಮಾಮೀಟರ್ ನೋಡಿ, ಮತ್ತೆ ಕೆಳಗಿಳಿದು ಗಾಳಿಯ ಹಲಗೆ ಸರಿಪಡಿಸಬೇಕಿತ್ತು. ಒಂದು ತರಗತಿ ನಡುಗಿದರೆ ಇನ್ನೊಂದು ಬೆವರುತ್ತಿತ್ತು. ಪಾಠವಂತೂ ಕೆಡುತ್ತಿತ್ತು.

ಜಾನ್ಸನ್ ಕೋಣೆಯೊಳಗೇ ಉಷ್ಣಾಂಶ ಗುರುತಿಸಿ, ವಿದ್ಯುತ್ತಿನ ಮೂಲಕ ಕೆಳಗಿನ ಒಲೆಯ ಕೋಣೆಯಲ್ಲಿ ಗಂಟೆ ಬಾರಿಸುವ ಸಾಧನ ಮಾಡಿದರು. 1883ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. 1885ರಲ್ಲಿ ಮಿಲ್ವಾಕಿಯಲ್ಲಿ ಕಂಪನಿ ಶುರುವಾಯಿತು. ಒಂದು ಕಟ್ಟಡದ ಬೇರೆ ಬೇರೆ ಕೋಣೆಗಳ ಉಷ್ಣಾಂಶವನ್ನು ಒತ್ತಡದ ಗಾಳಿಯಿಂದ ಪ್ರತ್ಯೇಕವಾಗಿ ನಿಯಂತ್ರಿಸುವ ವ್ಯವಸ್ಥೆಗೆ 1895ರಲ್ಲಿ ಅವರು ಮತ್ತೊಂದು ಪೇಟೆಂಟ್ ಪಡೆದರು. ಇಂದಿನ ಥರ್ಮೊಸ್ಟಾಟ್‌ಗಳ ಹಿರಿಯಜ್ಜ ಅದು.

ನಮ್ಮ ಹಿರಿಯರಿಗೆ ಈ ಯಂತ್ರ ಗೊತ್ತಿರಲಿಲ್ಲ. ಆದರೆ ವಲಯದ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು. ಉತ್ತರ ಕರ್ನಾಟಕದ ಹಳೆಯ ಮಾಳಿಗೆ ಮನೆಯಲ್ಲಿ ದಪ್ಪ ಮಣ್ಣಿನ ಗೋಡೆ, ಮೇಲೆ ದಪ್ಪ ಮಣ್ಣಿನ ಹೊದಿಕೆ, ಸಣ್ಣ ಬೆಳಕಿಂಡಿ. ಬಿಸಿಲೇರಿದಂತೆ ಮನೆಮಂದಿ ಪಡಸಾಲೆ ಬಿಟ್ಟು ನಡುಮನೆಗೆ ಸರಿಯುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಅಂಗಳಕ್ಕೆ ನೀರು ಚಿಮುಕಿಸಿ ಅಲ್ಲಿ ಕೂಡುತ್ತಿದ್ದರು. ರಾತ್ರಿ ಹಾಸಿಗೆ ಸುತ್ತಿಕೊಂಡು ಮಾಳಿಗೆ ಏರುತ್ತಿದ್ದರು. ತಂಪನ್ನು ಕೋಣೆಯಿಂದ ಕೋಣೆಗೆ ಸಾಗಿಸುವ ಬದಲು ಜನರೇ ತಂಪಿದ್ದಲ್ಲಿಗೆ ಹೋಗುತ್ತಿದ್ದರು ಅಷ್ಟೇ. ಕಾಂಕ್ರೀಟ್ ಮನೆಯಲ್ಲಿ ಈ ಓಡಾಟ ನಿಂತಿದೆ. ಪ್ರತಿಯೊಬ್ಬರಿಗೂ ಒಂದು ಕೋಣೆ, ಆ ಕೋಣೆಗೊಂದು ಬಾಗಿಲು, ಹಗಲೂ ರಾತ್ರಿ ಅಲ್ಲೇ.

ಬಿಸಿಲು ಬೀಳುವ ಬಗೆ

ಕಲಬುರಗಿ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಸುಮಾರಿಗೆ ಅಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಕ್ಷಣ ನೆರಳೇ ಇರದು. ವಿದ್ಯಾರ್ಥಿಗಳು ಇದನ್ನು ಅಂಗಳದಲ್ಲೇ ಮಾಡಿ ನೋಡಬಹುದು. ಮನೆ ಕಟ್ಟುವವರಿಗೆ ಇದರಲ್ಲಿ ದೊಡ್ಡ ಸುಳಿವಿದೆ. ಕಡುಬೇಸಿಗೆಯಲ್ಲಿ ದಕ್ಷಿಣದ ಗೋಡೆಗೆ ಬೀಳುವ ಬಿಸಿಲು ಬಹಳ ಕಡಿಮೆ. ಪೂರ್ತಿ ಪೆಟ್ಟು ತಿನ್ನುವುದು ತಾರಸಿ. ಆಮೇಲೆ ಬೆಳಿಗ್ಗೆ ಪೂರ್ವದ ಗೋಡೆ, ಸಂಜೆ ಪಶ್ಚಿಮದ ಗೋಡೆ. ಸಂಜೆಯ ಬಿಸಿಲು ಹೆಚ್ಚು ಕೆಟ್ಟದ್ದು, ಏಕೆಂದರೆ ಅಷ್ಟು ಹೊತ್ತಿಗೆ ಹೊರಗಿನ ಗಾಳಿಯೂ ಕಾದಿರುತ್ತದೆ. ಸೂರ್ಯ ಕೆಳಗಿಳಿದಾಗ ಕಿಟಕಿಯ ಮೇಲಿನ ಸಜ್ಜಾ ಇದ್ದೂ ಇಲ್ಲದಂತೆ. ಬಿಸಿಲು ಅದರಡಿಯಿಂದ ನೇರ ಒಳಕ್ಕೆ ನುಗ್ಗುತ್ತದೆ. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು ನೇರ ಪಶ್ಚಿಮಕ್ಕೂ ಅಲ್ಲ, ತುಸು ವಾಯವ್ಯಕ್ಕೆ ವಾಲಿ. ನಕ್ಷೆಯಲ್ಲಿ ಮಕ್ಕಳ ಓದುವ ಕೋಣೆ ಇರುವುದು ಅಲ್ಲಿಯೇ, ಅದೂ ತಾರಸಿಯ ಕೆಳಗೆ.

ತಾರಸಿ ಎಷ್ಟು ಕಾವು ಇಳಿಸುತ್ತದೆ ಎಂಬುದನ್ನು ಪಿಯುಸಿ ಭೌತಶಾಸ್ತ್ರ ಓದಿದವರು ತಾವೇ ಲೆಕ್ಕ ಹಾಕಬಹುದು. ಐದಂಗುಲದ ಬರಿಯ ಕಾಂಕ್ರೀಟ್ ಸ್ಲ್ಯಾಬು ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಒಂದು ಚದರ ಮೀಟರಿನಲ್ಲಿ ಸುಮಾರು ಮೂರೂವರೆ ವಾಟ್ ಶಾಖ ಬಿಡುತ್ತದೆ. ಕೋಣೆ 12 ಚದರ ಮೀಟರ್, ಅಂದರೆ ಸುಮಾರು 10 ಅಡಿಗೆ 13 ಅಡಿ. ಬಿಸಿಲಿನ ಕಾವನ್ನೂ ಸೇರಿಸಿ ಹೊರಗಿನ ಉಷ್ಣಾಂಶ 60 ಡಿಗ್ರಿಯಷ್ಟೆಂದೂ ಒಳಗೆ 26 ಡಿಗ್ರಿ ಬೇಕೆಂದೂ ಇಟ್ಟುಕೊಳ್ಳಿ. ವ್ಯತ್ಯಾಸ 34. ಮೂರನ್ನೂ ಗುಣಿಸಿದರೆ 1,428 ವಾಟ್. ಒಂದು ಇಸ್ತ್ರಿ ಪೆಟ್ಟಿಗೆಯನ್ನು, ಇನ್ನೊಂದರ ಅರ್ಧವನ್ನು ಛಾವಣಿಗೆ ಕಟ್ಟಿ ಸ್ವಿಚ್ ಹಾಕಿ ಬಿಟ್ಟಂತೆ.

ಇದು ಸರಳ ಲೆಕ್ಕ. ನಿಜದಲ್ಲಿ ಸ್ಲ್ಯಾಬು ಮೊದಲು ತಾನು ಕಾಯುತ್ತದೆ, ಹಲವು ಗಂಟೆ ತಡವಾಗಿ ಒಳಗೆ ಕಾವು ಬಿಡುತ್ತದೆ. ಮಧ್ಯಾಹ್ನದ ಬಿಸಿಲು ಕೋಣೆಗೆ ಇಳಿಯುವುದು ಸಂಜೆಯಿಂದ ಮಲಗುವ ಹೊತ್ತಿನವರೆಗೆ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಮಹಡಿ ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುವುದು ಇದರಿಂದಲೇ.

ವಾಸದ ಮನೆಗಳಿಗೆಂದು ಕೇಂದ್ರ ಸರ್ಕಾರ 2018ರಲ್ಲಿ ಪ್ರಕಟಿಸಿದ ‘ಇಕೋ ನಿವಾಸ್ ಸಂಹಿತಾ’ ಛಾವಣಿಯ ಈ ಸಂಖ್ಯೆ 1.2ನ್ನು ಮೀರಬಾರದು ಎನ್ನುತ್ತದೆ. ಮೂರೂವರೆಯ ಜಾಗದಲ್ಲಿ 1.2 ಇಟ್ಟು ಗುಣಿಸಿದರೆ ಬರುವುದು 490 ವಾಟ್. ಸುಮಾರು ಒಂದು ಕಿಲೋವಾಟ್ ಶಾಖ ಮನೆಯೊಳಗೆ ಬರಲೇ ಇಲ್ಲ. ಇದನ್ನು ಸಾಧಿಸಲು ಸ್ಲ್ಯಾಬಿನ ಮೇಲೆ ಉಷ್ಣನಿರೋಧಕ ಹಲಗೆ ಹಾಸಿ ಅದರ ಮೇಲೆ ಗಾರೆ, ಬಿಳಿ ಟೈಲ್ಸ್ ಹಾಕುತ್ತಾರೆ. ಮಣ್ಣಿನ ಕುಡಿಕೆಗಳನ್ನು ಬೋರಲು ಜೋಡಿಸಿ ಮೇಲೆ ಗಾರೆ ತುಂಬುವುದು ಹಳೆಯ ಉಪಾಯ. ಏನೂ ಆಗದಿದ್ದರೆ ತಾರಸಿಗೆ ಸುಣ್ಣ ಬಳಿದರೂ ಬಿಸಿಲಿನ ದೊಡ್ಡ ಪಾಲು ಹಿಂದಕ್ಕೆ ಪುಟಿಯುತ್ತದೆ. ದೂಳು ಕೂತರೆ ಗುಣ ಹೋಗುತ್ತದೆ, ವರ್ಷಕ್ಕೊಮ್ಮೆ ಬಳಿಯಬೇಕು.

ಕಿಲೋವಾಟಿಗೂ ಅಂಗಡಿಯವರ ಟನ್ನಿಗೂ ಏನು ಸಂಬಂಧ? ಯಂತ್ರಗಳು ಬರುವ ಮೊದಲು ತಂಪಿಗೆ ಮಂಜುಗಡ್ಡೆಯೇ ಗತಿಯಾಗಿತ್ತು. ಎರಡು ಸಾವಿರ ಪೌಂಡಿನ, ಅಂದರೆ ಒಂದು ಅಮೆರಿಕನ್ ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುತ್ತ ಹೀರುವ ಶಾಖಕ್ಕೆ ಒಂದು ಟನ್ ಎಂದು ಹೆಸರು. ಲೆಕ್ಕ ಹಾಕಿದರೆ ಮೂರೂವರೆ ಕಿಲೋವಾಟ್. ಒಂದು ಟನ್ನಿನ ಯಂತ್ರದ ಶಕ್ತಿಯಲ್ಲಿ ಕಾಲುಭಾಗಕ್ಕೂ ಹೆಚ್ಚು ಬರಿಯ ಛಾವಣಿಯ ತಪ್ಪಿಗೆ ದಂಡವಾಗಿ ಹೋಗುತ್ತದೆ ಎಂದಾಯಿತು.

ನಕ್ಷೆಗೆ ಹೊತ್ತು ಬರೆಯುವುದು

ಮತ್ತೆ ಆ ಮೇಜಿಗೆ ಬರೋಣ. ಒಂದು ಪೆನ್ಸಿಲ್ ಹಿಡಿದು ಪ್ರತಿ ಕೋಣೆಯ ಮೇಲೂ ಅಲ್ಲಿ ಜನ ಇರುವ ಹೊತ್ತನ್ನು ಬರೆಯುತ್ತ ಹೋಗಬೇಕು. ಈ ಕೆಲಸ ಮಕ್ಕಳೇ ಮಾಡುವುದು ಒಳ್ಳೆಯದು. ಮನೆಯಲ್ಲಿ ಯಾರು ಯಾವಾಗ ಎಲ್ಲಿರುತ್ತಾರೆ ಎಂಬುದು ಅವರಿಗೇ ಹೆಚ್ಚು ಗೊತ್ತು.

ಬರೆದ ಮೇಲೆ ಚಿತ್ರ ತಾನಾಗಿ ಮೂಡುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡರಿಂದ ಮಕ್ಕಳ ಓದು. ಅದೇ ಹೊತ್ತಿಗೆ ತಂದೆ ಕಚೇರಿಯಿಂದ ಬಂದಿರುತ್ತಾರೆ. ಅಜ್ಜಿ ದಿನವಿಡೀ ಮನೆಯಲ್ಲೇ. ವಯಸ್ಸಾದವರ ದೇಹಕ್ಕೆ ಕಾವು ತಡೆಯುವ ಶಕ್ತಿ ಕಡಿಮೆ, ತಮಗೆ ಬಳಲಿಕೆಯಾಗಿದೆ ಎಂದು ಅವರು ಹೇಳುವುದೂ ಕಡಿಮೆ. ಹೀಗೆ ಎರಡರಿಂದ ಏಳರವರೆಗೆ ಎಲ್ಲರಿಗೂ ಬೇಕಾದ ಹಗಲಿನ ವಲಯ ಒಂದು. ರಾತ್ರಿ ಹತ್ತರಿಂದ ಬೆಳಗಿನವರೆಗೆ ಮಲಗುವ ವಲಯ ಇನ್ನೊಂದು. ಇವೆರಡೂ ಒಟ್ಟಿಗೆ ಬೇಕಾಗುವ ಗಂಟೆಗಳು ಬಹಳ ಕಡಿಮೆ.

ಆದ್ದರಿಂದ ಮೊದಲ ತಿದ್ದುಪಡಿಗೆ ಕಾಸೂ ಖರ್ಚಿಲ್ಲ. ಕೆಳಗಿನ ಈಶಾನ್ಯದ ಕೋಣೆ ಓದಿಗೆ, ಮೇಲಿನ ವಾಯವ್ಯದ ಕೋಣೆ ಅತಿಥಿಗಳಿಗೆ. ಈಶಾನ್ಯದ ಕೋಣೆಗೆ ಬೆಳಗಿನ ಬಿಸಿಲು ಬಿದ್ದು ಹೋಗುತ್ತದೆ, ಮಧ್ಯಾಹ್ನ ಪೂರ್ತಿ ನೆರಳು, ಮೇಲೆ ತಾರಸಿಯ ಬದಲು ಇನ್ನೊಂದು ಅಂತಸ್ತು. ಅಜ್ಜಿಯ ಕೋಣೆ ಪಕ್ಕದಲ್ಲೇ ಇರುವುದರಿಂದ ನಡುವೆ ಒಂದು ಬಾಗಿಲಿಟ್ಟರೆ ಒಂದೇ ಯಂತ್ರದ ತಂಪು ಇಬ್ಬರಿಗೂ ಒದಗೀತು. ವಾಸ್ತು ನೋಡುವವರಿಗೂ ಈಶಾನ್ಯದಲ್ಲಿ ಓದುವುದು ಒಪ್ಪಿಗೆಯೇ. ಇಲ್ಲಿ ಶಾಸ್ತ್ರವೂ ಸೂರ್ಯನೂ ಒಂದೇ ಮಾತು ಹೇಳುತ್ತಾರೆ. ಆದರೆ ಯಜಮಾನರ ಕೋಣೆ ನೈಋತ್ಯದಲ್ಲಿರಬೇಕು ಎನ್ನುವಲ್ಲಿ ಜಗಳ ಬರುತ್ತದೆ, ಅಲ್ಲಿ ಸಂಜೆಯ ಬಿಸಿಲು ತಪ್ಪದು. ಬಿಡಲಾಗದವರು ಪಶ್ಚಿಮದ ಗೋಡೆಗೆ ಕಿಟಕಿ ಚಿಕ್ಕದು ಮಾಡಿ, ಒಳಗೆ ಉದ್ದಕ್ಕೂ ಬಟ್ಟೆಯ ಕಪಾಟು ಕಟ್ಟಿಸಿ, ಹೊರಗೆ ಬಿದಿರಿನ ತಟ್ಟಿ ಇಳಿಬಿಡಬಹುದು. ತಟ್ಟಿ ಗಾಜಿನ ಹೊರಗಿರಬೇಕು. ಒಳಗಿನ ಪರದೆ ಬಿಸಿಲನ್ನು ತಡೆಯುವುದು ಕಾವು ಒಳಗೆ ಬಂದಾದ ಮೇಲೆ.

ಎರಡನೆಯದು ಮೆಟ್ಟಿಲು. ಹಾಲ್‌ನಿಂದಲೇ ತೆರೆದ ಮೆಟ್ಟಿಲು ಏರಿಸುವುದು ಈಗಿನ ಶೋಕಿ. ತಣ್ಣಗಿನ ಗಾಳಿ ಭಾರ, ನೀರಿನಂತೆ ಕೆಳಕ್ಕೆ ಹರಿಯುತ್ತದೆ. ಬಿಸಿಗಾಳಿ ಮೇಲೇರುತ್ತದೆ. ಮೇಲಿನ ಪಡಸಾಲೆಗೆ ಏ.ಸಿ. ಹಾಕಿ ಮೆಟ್ಟಿಲು ತೆರೆದಿಟ್ಟರೆ ತಂಪೆಲ್ಲ ಮೆಟ್ಟಿಲಿಳಿದು ಹಾಲ್‌ಗೆ ಹೋಗುತ್ತದೆ. ವಲಯ ಎಂದ ಮೇಲೆ ಅದಕ್ಕೆ ಬಾಗಿಲು ಬೇಕು, ಆ ಬಾಗಿಲು ಮುಚ್ಚುವ ಅಭ್ಯಾಸವೂ ಬೇಕು.

ಇಷ್ಟಾದ ಮೇಲೆ ಯಂತ್ರದ ಮಾತು. ಅಮೆರಿಕದ ಮನೆಗಳಲ್ಲಿ ಒಂದೇ ದೊಡ್ಡ ಯಂತ್ರವಿಟ್ಟು, ತಗಡಿನ ಕೊಳವೆಗಳಲ್ಲಿ ಗಾಳಿ ಹಾಯಿಸಿ, ವಲಯಕ್ಕೊಂದು ಮೋಟಾರು ಹಲಗೆ ಇಟ್ಟು ತೆರೆದು ಮುಚ್ಚುತ್ತಾರೆ. ನಾಲ್ಕರಲ್ಲಿ ಮೂರು ವಲಯ ಮುಚ್ಚಿದಾಗ ಅಷ್ಟೂ ಗಾಳಿ ಒಂದೇ ಕೋಣೆಗೆ ನುಗ್ಗಿ ಸದ್ದು, ಒತ್ತಡ ಎರಡೂ ಹೆಚ್ಚುತ್ತವೆ. ಯಂತ್ರ ಕಡಿಮೆ ವೇಗದಲ್ಲೂ ಓಡುವಂಥದ್ದಲ್ಲದಿದ್ದರೆ ಈ ವ್ಯವಸ್ಥೆ ಸರಿಹೋಗದು. ಒಂದು ಹೊರಯಂತ್ರದಿಂದ ತಾಮ್ರದ ಕೊಳವೆಯಲ್ಲಿ ಶೈತ್ಯದ್ರವವನ್ನೇ ಹಲವು ಕೋಣೆಗಳಿಗೆ ಕಳುಹಿಸುವುದು ಇನ್ನೊಂದು ದಾರಿ. ಜಪಾನಿನ ಡೈಕಿನ್ ಕಂಪನಿ 1982ರಲ್ಲಿ ದೊಡ್ಡ ಕಟ್ಟಡಗಳಿಗಾಗಿ ಇದನ್ನು ತಂದಿತು. ಮನೆಗಳಿಗೂ ಚಿಕ್ಕ ರೂಪದಲ್ಲಿ ಸಿಗುತ್ತದೆ. ಹೊರಗೆ ಜಾಗವಿಲ್ಲದವರಿಗೆ ಅನುಕೂಲ, ಆದರೆ ಹೊರಯಂತ್ರ ಕೆಟ್ಟರೆ ಎಲ್ಲ ಕೋಣೆಗಳೂ ಒಟ್ಟಿಗೆ ಬಿಸಿ. ಇಲ್ಲಿ ಹೇಳಿದಂಥ ಮನೆಗೆ ಹಗಲಿನ ವಲಯಕ್ಕೊಂದು, ರಾತ್ರಿಯ ವಲಯಕ್ಕೊಂದು ಬಿಡಿ ಸ್ಪ್ಲಿಟ್ ಏ.ಸಿ. ಇದ್ದರೆ ಧಾರಾಳ. ಒಂದು ಕೆಟ್ಟರೆ ಇನ್ನೊಂದು ಕೋಣೆಯಲ್ಲಿ ಎಲ್ಲರೂ ಚಾಪೆ ಹಾಸಬಹುದು. ಕೊಳ್ಳುವಾಗ ‘ಇನ್ವರ್ಟರ್’ ಎಂಬ ಶಬ್ದ ಕೇಳಿ ಮೋಸಹೋಗಬಾರದು. ಅದು ಕರೆಂಟ್ ಹೋದಾಗ ದೀಪ ಉರಿಸುವ ಬ್ಯಾಟರಿಯ ಇನ್ವರ್ಟರ್ ಅಲ್ಲ, ಕಂಪ್ರೆಸರಿನ ವೇಗ ಬೇಕಾದಂತೆ ಏರಿಳಿಸುವ ವ್ಯವಸ್ಥೆ. ಮನೆಯ ಸಾಧಾರಣ ಬ್ಯಾಟರಿಗೆ ಏ.ಸಿ. ಎಳೆಯುವ ಶಕ್ತಿ ಇರದು. ಪರೀಕ್ಷೆಯ ಹಿಂದಿನ ದಿನವೇ ಕರೆಂಟ್ ಕೈಕೊಟ್ಟರೆ ನೆರವಿಗೆ ಬರುವುದು ನೆರಳು, ಫ್ಯಾನು, ಎದುರುಬದುರು ಕಿಟಕಿ ಮಾತ್ರ.

ಕಲಬುರಗಿ, ರಾಯಚೂರಿನ ಒಣ ಹವೆಯಲ್ಲಿ ನೀರಿನ ಕೂಲರ್ ಕೂಡ ಕೆಲಸ ಮಾಡುತ್ತದೆ. ಹರವಿಯಲ್ಲಿ ನೀರು ತಣ್ಣಗಾಗುವ ಗುಟ್ಟೇ ಅದರದ್ದೂ, ನೀರು ಆವಿಯಾಗುವಾಗ ಗಾಳಿಯ ಕಾವನ್ನು ಹೀರುತ್ತದೆ. ಕೂಲರಿಗೆ ಕಿಟಕಿ ತೆರೆದಿರಬೇಕು, ಏ.ಸಿ.ಗೆ ಮುಚ್ಚಿರಬೇಕು. ಒಂದೇ ಕೋಣೆಯಲ್ಲಿ ಎರಡನ್ನೂ ಓಡಿಸುವವರು ಎರಡನ್ನೂ ಕೆಡಿಸುತ್ತಾರೆ. ಮಂಗಳೂರಿನಲ್ಲಿ ಗಾಳಿಯೇ ತೇವವಾಗಿರುವುದರಿಂದ ಕೂಲರ್ ನಿರುಪಯೋಗಿ. ಬೆಂಗಳೂರಿನಲ್ಲಿ ನೆರಳೂ ಗಾಳಿಯೂ ಇರುವ ಮನೆಗೆ ವರ್ಷದ ಹೆಚ್ಚಿನ ದಿನ ಫ್ಯಾನೇ ಸಾಕು. ಮನೆ ಬೆಚ್ಚಗೆ ಮಾಡುವ ಮಾತು ನಮ್ಮಲ್ಲಿ ಮಡಿಕೇರಿಯಂಥ ಕಡೆಗಷ್ಟೇ, ಅದೇ ಏ.ಸಿ. ಹಿಮ್ಮುಖವಾಗಿ ಓಡುವಂಥದ್ದಾದರೆ ಅದೂ ಮುಗಿಯಿತು.

ಯಾರೂ ಬರೆಯದ ಕೋಣೆ

ನಕ್ಷೆಯ ಮೇಲೆ ಹೊತ್ತು ಬರೆಯುವಾಗ ಮರೆತುಹೋಗುವ ಕೋಣೆ ಒಂದಿದೆ. ಗ್ಯಾಸ್ ಒಲೆಯ ದೊಡ್ಡ ಬರ್ನರ್ ಒಂದೇ ಎರಡು ಕಿಲೋವಾಟ್‌ನ ಆಸುಪಾಸು ಶಾಖ ಉಗುಳುತ್ತದೆ, ಮೇಲೆ ಲೆಕ್ಕ ಹಾಕಿದ ತಾರಸಿಗಿಂತ ಹೆಚ್ಚು. ಅದರ ಮುಂದೆ ನಿಂತು ರೊಟ್ಟಿ ಬಡಿಯುವವರ ಹೊತ್ತನ್ನು ಕೂಡಿಸಿದರೆ ದಿನಕ್ಕೆ ನಾಲ್ಕು ತಾಸು ದಾಟುತ್ತದೆ. ಎರಡು ಏ.ಸಿ.ಗೆ ಹಣ ಹೊಂದಿಸುವ ಮನೆಗಳಲ್ಲೂ ಅಡುಗೆಮನೆಗೆ ಒಂದು ಗೋಡೆ ಫ್ಯಾನಿನ ಪಾಯಿಂಟ್ ಇರುವುದಿಲ್ಲ.

ಅಡುಗೆಮನೆಗೆ ಏ.ಸಿ. ಸರಿಯಾದ ಮದ್ದಲ್ಲ, ಹೊಗೆಯ ಜೊತೆ ತಂಪೂ ಹೊರಗೆ ಹೋಗುತ್ತದೆ. ಬೇಕಾದದ್ದು ಒಲೆಯ ನೇರ ಮೇಲೆ ಕಾವು ಎಳೆದು ಹೊರಗೆ ಹಾಕುವ ಎಕ್ಸಾಸ್ಟ್ ಫ್ಯಾನು, ಎದುರು ಬದಿಯಲ್ಲಿ ನೆರಳಿನ ಕಡೆಯಿಂದ ಗಾಳಿ ಬರುವ ಕಿಟಕಿ, ಉರಿಗೆ ತಾಗದೆ ನಿಂತವರ ಬೆನ್ನಿಗೆ ಗಾಳಿ ಬೀಸುವ ಫ್ಯಾನು. ಮೂರೂ ಸೇರಿ ಒಂದು ಏ.ಸಿ.ಯ ಬೆಲೆಗಿಂತ ಎಷ್ಟೋ ಕಡಿಮೆ. ಅಡುಗೆಮನೆಯ ಕಾವು ಹಾಲ್‌ಗೆ ಹರಿಯದಂತೆ ನಡುವೆ ಬಾಗಿಲಿದ್ದರೆ ಹಗಲಿನ ವಲಯದ ಯಂತ್ರಕ್ಕೂ ಭಾರ ತಗ್ಗುತ್ತದೆ.

ಸ್ಲ್ಯಾಬಿನ ಮೊದಲು

ಏ.ಸಿ. ಇವತ್ತೇ ಕೊಳ್ಳಬೇಕೆಂದಿಲ್ಲ. ಅದಕ್ಕೆ ದಾರಿ ಮಾತ್ರ ಇವತ್ತೇ ಬಿಡಬೇಕು. ಎರಡೂ ವಲಯದ ಗೋಡೆಯಲ್ಲಿ ತಾಮ್ರದ ಕೊಳವೆಗೆ ತೂತು, ಒಳಯಂತ್ರದಿಂದ ಸೋರುವ ನೀರಿಗೆ ಇಳಿಜಾರಿನ ಪೈಪು, ಬೋರ್ಡಿನಿಂದ ನೇರ ಬರುವ ಪ್ರತ್ಯೇಕ ವೈರು, ಅದಕ್ಕೊಂದು ಎಂ.ಸಿ.ಬಿ. ಇವನ್ನು ಮರೆತರೆ ಆಮೇಲೆ ಬಣ್ಣ ಬಳಿದ ಗೋಡೆಗೆ ಉಳಿ ಹಾಕಬೇಕಾಗುತ್ತದೆ. ಹೊರಯಂತ್ರಕ್ಕೆ ನೆರಳು ಮತ್ತು ಬಯಲು ಗಾಳಿ ಬೇಕು. ಇಕ್ಕಟ್ಟಿನ ಸಂದಿಯಲ್ಲಿಟ್ಟರೆ ತಾನುಗುಳಿದ ಬಿಸಿಗಾಳಿಯನ್ನೇ ತಾನು ಕುಡಿಯುತ್ತದೆ. ರಿಪೇರಿಗೆ ಬರುವ ಹುಡುಗ ಸಜ್ಜಾದ ತುದಿಯಲ್ಲಿ ಜೋತಾಡದೆ ನಿಂತು ಕೆಲಸ ಮಾಡುವಂತೆಯೂ ಇರಬೇಕು. ಪಕ್ಕದ ಮನೆಯ ಕಿಟಕಿಗೆ ಬಿಸಿಗಾಳಿ ಊದುವಂತಿದ್ದರೆ ಸ್ನೇಹ ಮೊದಲ ಬೇಸಿಗೆಗೇ ಮುಗಿಯುತ್ತದೆ.

ವಿದ್ಯುತ್ ಸಂಪರ್ಕಕ್ಕೆ ಅರ್ಜಿ ಹಾಕುವಾಗ ವಲಯದ ಲೆಕ್ಕ ಮತ್ತೆ ಉಪಯೋಗಕ್ಕೆ ಬರುತ್ತದೆ. ಒಂದೂವರೆ ಟನ್ನಿನ ಯಂತ್ರ ಪೂರ್ತಿ ದುಡಿಯುವಾಗ ಸುಮಾರು ಒಂದೂವರೆ ಕಿಲೋವಾಟ್ ಎಳೆಯುತ್ತದೆ, ಅಂದರೆ ಗಂಟೆಗೆ ಒಂದೂವರೆ ಯೂನಿಟ್. ಹಗಲಿನದ್ದು ನಿಂತ ಮೇಲೆ ರಾತ್ರಿಯದ್ದು ಶುರುವಾಗುವ ಮನೆಗೆ ಕೋಣೆಗೊಂದರಂತೆ ನಾಲ್ಕು ಯಂತ್ರ ಒಟ್ಟಿಗೆ ಓಡುವ ಮನೆಯಷ್ಟು ಲೋಡು ಬೇಕಿಲ್ಲ.

ಭಾರತದಲ್ಲಿ 2020ರ ಜನವರಿಯಿಂದ ಕೋಣೆಯ ಏ.ಸಿ.ಗಳು ಸ್ವಿಚ್ ಹಾಕಿದಾಗ 24 ಡಿಗ್ರಿಯಲ್ಲೇ ಶುರುವಾಗುವಂತೆ ನಿಯಮವಿದೆ. ಅದಕ್ಕಿಂತ ಒಂದೊಂದು ಡಿಗ್ರಿ ಏರಿಸಿದಂತೆಲ್ಲ ವಿದ್ಯುತ್ತು ಶೇಕಡ 6ರಷ್ಟು ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಹದಿನೆಂಟಕ್ಕಿಟ್ಟು ರಗ್ಗು ಹೊದ್ದು ಓದುವ ಮಕ್ಕಳಿಗೆ ಅಜ್ಜಿ ಬೈಯುವುದು ಸರಿಯಾಗಿಯೇ ಇದೆ. 26ಕ್ಕಿಟ್ಟು ಫ್ಯಾನು ನಿಧಾನಕ್ಕೆ ತಿರುಗಿಸಿದರೆ ಅಜ್ಜಿಗೂ ಮೊಮ್ಮಕ್ಕಳಿಗೂ ಒಂದೇ ಕೋಣೆ ಸಾಕಾಗುತ್ತದೆ.

ಕೊನೆಯದಾಗಿ, ಗೌಂಡಿ ಸುಣ್ಣದಲ್ಲಿ ಗೆರೆ ಎಳೆದು ಪಾಯ ಗುರುತಿಸಿದ ದಿನ, ಸಂಜೆ ನಾಲ್ಕು ಗಂಟೆಗೆ ಮಕ್ಕಳನ್ನು ನಿವೇಶನಕ್ಕೆ ಕರೆದೊಯ್ದು ಅವರವರ ಕೋಣೆಯ ಗೆರೆಯೊಳಗೆ ಹತ್ತು ನಿಮಿಷ ನಿಲ್ಲಿಸಿ ನೋಡಬಹುದು. ಬಿಸಿಲು ಯಾರ ಮುಖಕ್ಕೆ ಬೀಳುತ್ತದೋ ಅವರ ಕೋಣೆ ಬದಲಿಸಲು ಆಗ ಬೇಕಾದದ್ದು ಒಂದು ರಬ್ಬರು, ಒಂದು ಪೆನ್ಸಿಲು.